ಕ್ಯಾಟಲಾಗ್‌ನಲ್ಲಿ ಬಿಜಾಪುರವನ್ನೂ ಹುಡುಕಿ

ವಿಜಯಪುರ ಸೀಮೆಯ ಹಳೆಯ ಪುಸ್ತಕವೊಂದು ಆನ್‌ಲೈನ್ ಕ್ಯಾಟಲಾಗ್‌ನಲ್ಲಿ ಸಿಗಲಿಲ್ಲವೆಂದ ಕೂಡಲೇ ಅದು ಅಲ್ಲಿ ಇಲ್ಲವೆಂದು ತೀರ್ಮಾನಿಸಬಾರದು. ಕ್ಯಾಟಲಾಗ್ ಬರೆದವರು ತಮ್ಮ ಕಾಲದ ಹೆಸರನ್ನು ತಮ್ಮ ಸಂಸ್ಥೆಯ ಕಾಗುಣಿತದಲ್ಲಿ ದಾಖಲಿಸಿರುತ್ತಾರೆ; ನಾವು ಇಂದಿನ ಹೆಸರನ್ನು ನಮ್ಮ ಕಾಗುಣಿತದಲ್ಲಿ ಕೇಳುತ್ತೇವೆ. ಆದ್ದರಿಂದ ಹುಡುಕುವ ಮೊದಲು ಊರು, ಲೇಖಕ ಮತ್ತು ಶೀರ್ಷಿಕೆಗೆ ಇರಬಹುದಾದ ಎಲ್ಲ ರೂಪಗಳನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಊರಿನ ಹೆಸರಿನಿಂದ ತೊಡಗೋಣ. ಬಿಜಾಪುರ ವಿಜಯಪುರವಾದದ್ದೂ ಇಂಗ್ಲಿಷಿನ ಬೆಳಗಾಂ ಬೆಳಗಾವಿಯಾದದ್ದೂ 2014ರ ನವೆಂಬರ್ 1ರಂದು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ; ಅದಕ್ಕೂ ಹಿಂದೆ ಬಾದಾಮಿ, ಐಹೊಳೆಗಳ ಬಗ್ಗೆ ಬಂದ ಬರಹಗಳು ಬಿಜಾಪುರ ಜಿಲ್ಲೆಯ ಹೆಸರಿನಲ್ಲಿಯೇ ಇರುತ್ತವೆ. 1884ರ ಬಿಜಾಪುರ ಗ್ಯಾಸೆಟಿಯರ್ (ಜಿಲ್ಲೆಯ ವಿವರಗಳ ಸರ್ಕಾರಿ ಗ್ರಂಥ) ಬೇಕಾದವರು ಮುಂಬಯಿ ಪ್ರಾಂತದ ಗ್ಯಾಸೆಟಿಯರ್ ಮಾಲೆಯ 23ನೆಯ ಸಂಪುಟವನ್ನು ಕೇಳಬೇಕು. ಛತ್ತೀಸಗಡದಲ್ಲಿಯೂ ಒಂದು ಬಿಜಾಪುರ ಜಿಲ್ಲೆ ಇರುವುದರಿಂದ, ಜೊತೆಗೆ ಕರ್ನಾಟಕ ಎಂದೋ ಕನ್ನಡ ಎಂದೋ ಸೇರಿಸದಿದ್ದರೆ ಫಲಿತಾಂಶಗಳು ಕಲಸಿಹೋಗುತ್ತವೆ.

ಲೇಖಕರ ಹೆಸರು ಇನ್ನೂ ತೊಡಕಿನದು. ವಚನಗಳನ್ನು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದ ಫ.ಗು. ಹಳಕಟ್ಟಿಯವರು ಒಂದು ಕಡೆ ಪಿ.ಜಿ., ಇನ್ನೊಂದು ಕಡೆ ಎಫ್.ಜಿ., ಮತ್ತೊಂದು ಕಡೆ ಫಕೀರಪ್ಪ ಗುರುಬಸಪ್ಪ ಎಂದು ಕಾಣಿಸುತ್ತಾರೆ. ಬೆಟಗೇರಿ ಕೃಷ್ಣಶರ್ಮರನ್ನು ಅವರ ಕಾವ್ಯನಾಮ ‘ಆನಂದಕಂದ’ ಎಂದೂ ಹುಡುಕಬೇಕು. ಹೀಗಾಗಿ ಮೊದಲ ಯತ್ನದಲ್ಲಿ ಇನಿಷಿಯಲ್‌ಗಳನ್ನು ಬಿಟ್ಟು ಅಡ್ಡಹೆಸರನ್ನಷ್ಟೇ ಕೊಡುವುದು ಲೇಸು.

ವಿದೇಶಿ ಗ್ರಂಥಾಲಯಗಳ ದಾಖಲೆಗಳಲ್ಲಿಯೂ, ಅವುಗಳನ್ನು ಒಟ್ಟುಗೂಡಿಸುವ ವರ್ಲ್ಡ್‌ಕ್ಯಾಟ್‌ನಲ್ಲಿಯೂ ಎಡವುವವರು ಬಹಳ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅನುಸರಿಸುವ ಲಿಪ್ಯಂತರ ಪದ್ಧತಿಯಲ್ಲಿ, ಅಂದರೆ ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಕ್ರಮದಲ್ಲಿ, ‘ಚ’ಕ್ಕೆ ಇಂಗ್ಲಿಷಿನ ‘ಸಿ’ ಒಂದೇ ಅಕ್ಷರ. ಅದರ ಮುಂದೆ ‘ಎಚ್’ ಸೇರಿದರೆ ಅದು ಮಹಾಪ್ರಾಣ ‘ಛ’ವಾಗುತ್ತದೆ. ಆದ್ದರಿಂದ ವಚನ, ಚೆನ್ನಮ್ಮ, ಚರಿತ್ರೆ ಎಂಬ ಪದಗಳನ್ನು ನಾವು ಮೊಬೈಲಿನಲ್ಲಿ ಬರೆಯುವಂತೆ ‘ಎಚ್’ ಹಾಕಿ ಕೊಟ್ಟರೆ ಅಂಥ ಎಷ್ಟೋ ದಾಖಲೆಗಳು ತಪ್ಪಿಹೋಗುತ್ತವೆ. ಎರಡೂ ಬಗೆಯಲ್ಲಿ ಕೊಟ್ಟು ನೋಡಿ. ನಾನು ಇದನ್ನು ತಿಳಿಯುವ ಮೊದಲು ‘ಎಚ್’ ಬಿಡದೆ ಹುಡುಕಿ ಎಷ್ಟೋ ಸಂಜೆಗಳನ್ನು ಕಳೆದಿದ್ದೇನೆ.

ಕನ್ನಡ ಲಿಪಿಯಲ್ಲಿ ಹುಡುಕುವಾಗಲೂ ಪದಗಳನ್ನು ಬಿಡಿಸಿ ಮತ್ತು ಕೂಡಿಸಿ ನೋಡಬೇಕು: ‘ವಚನಶಾಸ್ತ್ರಸಾರ’ ಒಂದೇ ಪದವಾಗಿಯೂ ಇರಬಹುದು, ಮೂರು ಪದಗಳಾಗಿಯೂ ಇರಬಹುದು. ಕಿತ್ತೂರು, ಕಿತ್ತೂರ, ಚನ್ನಮ್ಮ, ಚೆನ್ನಮ್ಮ, ಹೀಗೆ ನಮ್ಮ ಕಡೆಯ ಹೆಸರುಗಳಿಗೆ ಜೋಡಿ ರೂಪಗಳು ಹೇರಳ. ಟೈಪ್ ಮಾಡಿದವರು ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿಯನ್ನು ಒತ್ತಿರುವುದೂ ಉಂಟು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಅನುಮಾನವಿದ್ದರೆ ಅನುಸ್ವಾರವಿಲ್ಲದ ಪದವನ್ನು ಆರಿಸಿಕೊಳ್ಳಿ. ಅನೇಕ ಗ್ರಂಥಾಲಯಗಳು ಬಳಸುವ ಕೋಹಾ ತಂತ್ರಾಂಶದಲ್ಲಿ ಪದದ ಮೊದಲ ಭಾಗವನ್ನು ಬರೆದು ನಕ್ಷತ್ರ ಚಿಹ್ನೆ ಹಾಕಿದರೆ ಉಳಿದ ಪ್ರತ್ಯಯಗಳ ಗೊಡವೆ ತಪ್ಪುತ್ತದೆ.

ಒಂದೇ ಒಂದು ಸರಿಯಾದ ದಾಖಲೆ ಸಿಕ್ಕರೂ ಸಾಕು, ಅಲ್ಲಿಂದ ಅಕ್ಕಪಕ್ಕಕ್ಕೆ ಸರಿಯಬಹುದು. ಅದರಲ್ಲಿ ಲೇಖಕರ ಹೆಸರು ಹೇಗಿದೆಯೋ ಹಾಗೆಯೇ ಅದನ್ನು ಒತ್ತಿರಿ. ಪುಸ್ತಕದ ವಿಷಯವನ್ನು ಸೂಚಿಸುವ ವಿಷಯ ಶೀರ್ಷಿಕೆಯನ್ನೂ ಒತ್ತಿರಿ. ಪ್ರಕಾಶಕರ ಜಾಗದಲ್ಲಿ ‘ಹಿತಚಿಂತಕ’ ಮುದ್ರಣಾಲಯದಂಥ ಹೆಸರಿದ್ದರೆ ಅದರಿಂದಲೂ ಹುಡುಕಿರಿ. ಪುಸ್ತಕಗಳನ್ನು ವಿಷಯವಾರು ಸಂಖ್ಯೆ ಕೊಟ್ಟು ವಿಂಗಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814, ಆ ಸಂಖ್ಯೆಯ ನೆರೆಯಲ್ಲಿರುವ ಪುಸ್ತಕಗಳನ್ನು ನೋಡುವುದು ಕಪಾಟಿನ ಮುಂದೆ ನಿಂತಂತೆಯೇ ಸರಿ. ಸ್ಕ್ಯಾನ್ ಮಾಡಿದ ಪುಸ್ತಕಗಳು ಸಿಗುವ ಇಂಟರ್ನೆಟ್ ಆರ್ಕೈವ್ ಜಾಲತಾಣದಲ್ಲಿ ಅಡ್ವಾನ್ಸ್ಡ್ ಸರ್ಚ್ ಪುಟಕ್ಕೆ ಹೋಗಿ ಭಾಷೆ ಮತ್ತು ಲೇಖಕರ ಜಾಗಗಳನ್ನು ಬೇರೆಬೇರೆಯಾಗಿ ತುಂಬಿರಿ.

ಚಲನಚಿತ್ರಗಳಿಗೆ ಹೆಸರಿಗಿಂತ ವರ್ಷವೇ ಹೆಚ್ಚು ನಂಬಿಕೆಯದು. ಸಂಗೊಳ್ಳಿ ರಾಯಣ್ಣನ ಕುರಿತು 1967ರಲ್ಲಿಯೂ 2012ರಲ್ಲಿಯೂ ಚಿತ್ರಗಳು ಬಂದಿವೆ. 1961ರ ‘ಕಿತ್ತೂರು ಚೆನ್ನಮ್ಮ’ದ ಇಂಗ್ಲಿಷ್ ಕಾಗುಣಿತ ಹೊಂದದಿದ್ದರೆ ನಿರ್ದೇಶಕ ಬಿ.ಆರ್. ಪಂತುಲು ಅವರ ಪುಟ ತೆರೆದು ಆ ವರ್ಷಕ್ಕೆ ಇಳಿಯಿರಿ. ಚಲನಚಿತ್ರಗಳ ಮಾಹಿತಿ ತಾಣವಾದ ಐಎಂಡಿಬಿಯಲ್ಲಿ ಭಾಷೆ ಮತ್ತು ವರ್ಷದಿಂದ ಪಟ್ಟಿಯನ್ನು ಕಿರಿದುಗೊಳಿಸಬಹುದು.

ಬೇಕಾದದ್ದು ದೊರೆತಾಗ, ದಾಖಲೆಯಲ್ಲಿ ಇದ್ದಂತೆಯೇ ಹೆಸರು, ಪ್ರಕಟಣೆಯ ವರ್ಷ ಮತ್ತು ಕಾಲ್ ನಂಬರನ್ನು (ಕಪಾಟಿನಲ್ಲಿ ಪುಸ್ತಕದ ಜಾಗ ತೋರಿಸುವ ಸಂಖ್ಯೆ) ಅದೇ ಚೀಟಿಗೆ ಇಳಿಸಿಕೊಳ್ಳಿ. ಗ್ರಂಥಪಾಲಕರ ಮುಂದೆ ಆ ಚೀಟಿ ಇಟ್ಟರೆ ಅವರು ನೇರವಾಗಿ ಕಪಾಟಿಗೆ ಹೋಗಬಹುದು.