ಕಾರ್ ಲಿಫ್ಟ್ ತಗೊಳ್ಳೋ ಮುಂಚೆ ಗ್ಯಾರೇಜಿನ ನೆಲ ನೋಡಿ

ವಿಜಯಪುರ, ಬಾಗಲಕೋಟೆ ಕಡೆಯವರು ಮನೆಗೆ ಕಾರ್ ಲಿಫ್ಟ್, ಅಂದ್ರೆ ಕಾರನ್ನು ಮೇಲಕ್ಕೆತ್ತಿ ಹಿಡಿಯೋ ಯಂತ್ರ, ಹಾಕಿಸೋ ಯೋಚನೆಯಲ್ಲಿದ್ದರೆ ರೇಟು ಕೇಳೋ ಮುಂಚೆ ನೆಲ ನೋಡಿ. ನಮ್ಮ ಕಡೆ ಜಾಸ್ತಿ ಎರೆ ಮಣ್ಣು, ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ತೆಳ್ಳಗೆ ಕಾಂಕ್ರೀಟ್ ಹಾಕಿ ಶಹಾಬಾದ್ ಕಲ್ಲು ಕೂರಿಸಿರುತ್ತಾರೆ, ಅಂಥ ನೆಲಕ್ಕೆ ಎರಡು ಕಂಬದ ಲಿಫ್ಟಿನ ಬೋಲ್ಟ್ ಹೊಡೆದರೆ ಹಿಡಿತ ಎಲ್ಲಿಂದ ಬರಬೇಕು? ಕಂಬ ಬರೋ ಜಾಗದಲ್ಲಿ ಕಲ್ಲು ತೆಗೆಸಿ, ಡ್ರಿಲ್ ಹೊಡೆದು ಕಾಂಕ್ರೀಟ್ ದಪ್ಪ ಅಳೆಯಿರಿ. ಸಾಮಾನ್ಯವಾಗಿ 4 ಇಂಚಾದರೂ ಬೇಕು, ಕೆಲವು ಮಾಡೆಲ್‌ಗಳು ಇನ್ನೂ ಜಾಸ್ತಿ ಕೇಳುತ್ತವೆ. ಕಡಿಮೆ ಇದ್ದರೆ ಒಡೆದು, ಮುರಂ ಹಾಕಿ ಕುಟ್ಟಿಸಿ, ಹೊಸದಾಗಿ ಹಾಕಿಸಿ.

ಕೆಳಗೆ ನಿಂತು ಕೆಲಸ ಮಾಡಬೇಕಂದ್ರೆ ಸೀಲಿಂಗ್ 11-12 ಅಡಿ ಇರಲಿ. ಅಷ್ಟಿಲ್ಲದಿದ್ದರೆ ಕಾರಿನ ಅಡಿಯಲ್ಲಿ ಕತ್ತರಿ ಥರ ತೆರೆದು ಅರ್ಧ ಎತ್ತುವ ಸಿಸರ್ ಲಿಫ್ಟ್ ಸಾಕು, ಟೈರು, ಬ್ರೇಕ್ ಕೆಲಸಕ್ಕೆ ಆರಾಮ. ಗೇರ್‌ಬಾಕ್ಸ್ ಇಳಿಸೋಕೆ ಮಾತ್ರ ಕಷ್ಟ, ನಡುವೆ ಲಿಫ್ಟೇ ಅಡ್ಡ ಇರುತ್ತದಲ್ವಾ. ಕಾರಿನ ಮೇಲೆ ಕಾರು ನಿಲ್ಲಿಸೋಕಾದರೆ ನಾಲ್ಕು ಕಂಬದ್ದು.

ಮನೆಯಲ್ಲಿ ತ್ರೀ ಫೇಸ್ ಇಲ್ಲದಿದ್ದರೆ ಸಿಂಗಲ್ ಫೇಸ್ ಮೋಟರಿನದ್ದೇ ಕೇಳಿ. ಲಿಫ್ಟಿನ ಎಣ್ಣೆ ಸೋರದಂತೆ ತಡೆಯೋ ಸೀಲು, ಎಣ್ಣೆ ಹರಿಯೋ ಹೋಸು ಕೆಟ್ಟರೆ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ವಿಚಾರಿಸಿ. ಕಾರು ಎತ್ತಿದಾಗ, ಲಿಫ್ಟ್ ಕೆಳಗೆ ಜಾರದಂತೆ ಹಿಡಿಯೋ ಲಾಕ್ ಟಕ್ ಅಂತ ಕೂತ ಮೇಲೆ ಲಿಫ್ಟನ್ನು ಸ್ವಲ್ಪ ಇಳಿಸಿ ಭಾರ ಲಾಕಿನ ಮೇಲೆ ಬಿಡಿ, ಆಮೇಲಷ್ಟೇ ಕೆಳಗೆ ಹೋಗಿ.