ನಮ್ಮ ಕೆರೆಗಳು ಕಂಡ ಮೂರು ಸಮುದ್ರ

ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಇರುವುದೆಲ್ಲ ಕೆರೆಗಳೇ. ಮೇಲಿನ ಕೆರೆ ಕೋಡಿ ಹರಿದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಬರುತ್ತದೆ, ಅಲ್ಲಿಂದ ಇನ್ನೊಂದಕ್ಕೆ. ಇಂಥ ಒಂದು ಸಾಲಿನ 23 ಕೆರೆಗಳನ್ನು, ಅವುಗಳ ಕಾಲುವೆ, ತೂಬು, ಕೋಡಿ ಸಮೇತ ಒಂದೇ ನಕ್ಷೆಗೆ ತರಬೇಕು ಅಂತ ನಾವು ನಾಲ್ಕು ಜನ ಗೆಳೆಯರು ಹೊರಟೆವು. ನಡೆಯುವ ಕೆಲಸ ಉಳಿದ ಮೂವರಿಗೆ. ಮಂಡಿ ನೋವಿರುವ ನನಗೆ ಕಂಪ್ಯೂಟರ್ ಕೆಲಸ.

ನಕ್ಷೆ ಮಾಡುವ ಸಾಫ್ಟ್‌ವೇರ್ ಕ್ಯೂಜಿಐಎಸ್ ಹಾಕಿಕೊಂಡೆ. ಪುಕ್ಕಟೆ ಸಿಗುತ್ತದೆ, ನನ್ನ ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಮಾಹಿತಿ ಎಲ್ಲ ಕೈಯಲ್ಲಿದೆ, ಒಳಗೆ ಹಾಕಿದರೆ ಮುಗೀತು, ಎರಡು ಭಾನುವಾರದ ಕೆಲಸ ಅಂದುಕೊಂಡಿದ್ದೆ. ಐದು ತಿಂಗಳು ಹಿಡಿಯಿತು. ಗೆರೆ ಎಳೆಯುವುದಕ್ಕೆ ಹೋದ ಸಮಯ ಕಮ್ಮಿ. ಬೇರೆಯವರು ಕೊಟ್ಟ ಫೈಲುಗಳನ್ನು ಸರಿಯಾದ ಜಾಗದಲ್ಲಿ ಕೂರಿಸುವುದರಲ್ಲೇ ಬಹುಪಾಲು ಕಳೆಯಿತು.

ಮೊದಲು ಕೈಗೆ ಬಂದದ್ದು ಕೆರೆಗಳ ಎಕ್ಸೆಲ್ ಪಟ್ಟಿ. ಗೆಳೆಯನೊಬ್ಬ ಪ್ರತಿ ಕೆರೆ ಏರಿಯ ಮೇಲೆ ನಿಂತು ಫೋನಿನಲ್ಲಿ ಕಂಡ ಅಕ್ಷಾಂಶ, ರೇಖಾಂಶದ ಅಂಕಿಗಳನ್ನು ಬರೆದುಕೊಂಡಿದ್ದ. ಅದನ್ನು ಸಿಎಸ್‌ವಿ ಮಾಡಿ ಕ್ಯೂಜಿಐಎಸ್‌ಗೆ ಕೊಟ್ಟೆ. ಎಕ್ಸ್ ಯಾವ ಕಾಲಂ, ವೈ ಯಾವ ಕಾಲಂ ಅಂತ ಕೇಳಿತು. ಪಟ್ಟಿಯಲ್ಲಿ ಮೊದಲಿದ್ದದ್ದನ್ನು ಎಕ್ಸ್‌ಗೆ, ಎರಡನೆಯದನ್ನು ವೈಗೆ ಕೊಟ್ಟೆ. ಒಂದು ಚುಕ್ಕೆಯೂ ಕಾಣಲಿಲ್ಲ. ಲೇಯರಿನ (ನಕ್ಷೆಯ ಮೇಲೆ ಪದರದ ಹಾಗೆ ಕೂರುವ ಒಂದೊಂದು ಫೈಲಿನ) ಮೇಲೆ ರೈಟ್ ಕ್ಲಿಕ್ ಮಾಡಿ 'ಜೂಮ್ ಟು ಲೇಯರ್' ಒತ್ತಿದೆ. ಪರದೆ ಮೇಲೆ ಹೋಯಿತು, ಇನ್ನೂ ಮೇಲೆ ಹೋಯಿತು, ಉತ್ತರ ಧ್ರುವದ ಹತ್ತಿರ ನಿಂತಿತು. ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳ ಪಕ್ಕದ ಸಮುದ್ರದಲ್ಲಿ ನಮ್ಮ 23 ಕೆರೆಗಳೂ ತೇಲುತ್ತಿದ್ದವು.

ಕೋಲಾರ ಇರುವುದು ಅಕ್ಷಾಂಶ 13, ರೇಖಾಂಶ 78ರ ಹತ್ತಿರ. ತಿರುವುಮುರುವು ಮಾಡಿದರೆ ಅಕ್ಷಾಂಶ 78, ರೇಖಾಂಶ 13. ಅದು ಸ್ವಾಲ್‌ಬಾರ್ಡೇ! ನಾವು ಬಾಯಲ್ಲಿ ಹೇಳುವಾಗ ಅಕ್ಷಾಂಶ ಮೊದಲು, ಫೋನೂ ಹಾಗೇ ತೋರಿಸುತ್ತದೆ. ಆದರೆ ಎಕ್ಸ್ ಅಂದರೆ ಅಡ್ಡಕ್ಕೆ ಅಳೆಯುವುದು, ಅಂದರೆ ರೇಖಾಂಶ. ಗೂಗಲ್ ಅರ್ಥ್‌ನ ಕೆಎಂಎಲ್ ಫೈಲಿನ ಒಳಗೂ ರೇಖಾಂಶವೇ ಮೊದಲು. ನಮ್ಮ ಕಡೆಯವರಿಗೆ ಒಂದು ಅನುಕೂಲ ಇದೆ: 70ರ ಮೇಲಿನ ಅಂಕಿ ಎಕ್ಸ್‌ಗೆ, ಚಿಕ್ಕದು ವೈಗೆ. ಅಷ್ಟು ನೆನಪಿಟ್ಟುಕೊಂಡರೆ ಸಾಕು.

ಎರಡನೆಯದು ಒಂದು ಕಚೇರಿಯಿಂದ ಸಿಕ್ಕ ಶೇಪ್‌ಫೈಲ್. ವಾಟ್ಸಾಪಿನಲ್ಲಿ ಒಂದೇ ಒಂದು ಫೈಲು ಬಂತು. ಶೇಪ್‌ಫೈಲ್ ಅನ್ನುವುದು ಹೆಸರಿಗೆ ಒಂದು, ನಿಜದಲ್ಲಿ ಒಂದು ಕುಟುಂಬ. ಆಕಾರ ಎಸ್‌ಎಚ್‌ಪಿಯಲ್ಲಿ, ಅದರ ಸೂಚಿ ಎಸ್‌ಎಚ್‌ಎಕ್ಸ್‌ನಲ್ಲಿ, ಹೆಸರು-ವಿವರದ ಕೋಷ್ಟಕ ಡಿಬಿಎಫ್‌ನಲ್ಲಿ, ಯಾವ ಅಳತೆ ಪದ್ಧತಿ ಅನ್ನುವುದು ಪಿಆರ್‌ಜೆಯಲ್ಲಿ. ಮತ್ತೆ ಫೋನ್ ಮಾಡಿ, 'ಇಡೀ ಫೋಲ್ಡರ್ ಜಿಪ್ ಮಾಡಿ ಕಳಿಸಿ ಸಾರ್' ಅಂತ ಕೇಳಿಕೊಂಡೆ. ಜಿಪ್ ಬಂತು, ಆದರೆ ಪಿಆರ್‌ಜೆ ಅವರ ಹತ್ತಿರವೂ ಇರಲಿಲ್ಲ.

ತೆರೆದರೆ ಲೇಯರಿನ ಪಕ್ಕ ಪ್ರಶ್ನೆ ಚಿಹ್ನೆ. ಅಂಕಿಗಳು ಲಕ್ಷಗಳಲ್ಲಿದ್ದವು, ಅಂದರೆ ಇದು ಡಿಗ್ರಿ ಅಲ್ಲ, ಮೀಟರು. ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿ ಇರಬೇಕು. ಕರ್ನಾಟಕ ಅಂದರೆ 43ನೇ ವಲಯ ಅಂತ ಎಲ್ಲೋ ಓದಿದ್ದೆ. ಆ ವಲಯದ ಸಂಕೇತ ಸಂಖ್ಯೆ ಇಪಿಎಸ್‌ಜಿ 32643 ಅಂತ ಕೊಟ್ಟೆ. ಈ ಸಲ ಕೆರೆಗಳು ಮಂಗಳೂರು ದಾಟಿ, ಕಡಲತೀರದಿಂದ ಸುಮಾರು 300 ಕಿಲೋಮೀಟರು ಆಚೆ, ಅರಬ್ಬೀ ಸಮುದ್ರದ ನಡುವೆ ಸಾಲಾಗಿ ನಿಂತಿದ್ದವು. ಒಣಗಿದ ಕೆರೆಗಳಿಗೆ ಕೊನೆಗೂ ನೀರು ಸಿಕ್ಕಿತು ಅಂತ ಗೆಳೆಯರು ನಕ್ಕರು.

ಕಾರಣ ಸರಳ. ಯುಟಿಎಂನಲ್ಲಿ ಭೂಮಿಯನ್ನು 6 ಡಿಗ್ರಿ ಅಗಲದ 60 ಪಟ್ಟಿಗಳಾಗಿ ಸೀಳಿದ್ದಾರೆ. 43ನೇ ಪಟ್ಟಿ 72ರಿಂದ 78 ಡಿಗ್ರಿವರೆಗೆ. ಆಮೇಲೆ 44 ಶುರು. ಆ 78ರ ಗೆರೆ ಬೆಂಗಳೂರಿಗೂ ಕೋಲಾರಕ್ಕೂ ನಡುವೆ ಹಾದುಹೋಗುತ್ತದೆ. ಮಾಲೂರು ಪಟ್ಟಣ ಈಚೆ, ಕೋಲಾರ ಪಟ್ಟಣ ಆಚೆ. ಬೆಂಗಳೂರಿನಲ್ಲಿ ಕೂತು ಕಲಿಸುವವರಿಗೆ 43 ಸಾಕು, ನಮಗೆ ಬೇಕಾದದ್ದು 44. ವಲಯ ತಪ್ಪಿದರೆ ಆಕಾರ ಕೆಡುವುದಿಲ್ಲ, ಇಡೀ ನಕ್ಷೆ ಸರಿಯಾಗಿ 6 ಡಿಗ್ರಿ ಪಕ್ಕಕ್ಕೆ ಹೋಗುತ್ತದೆ. ಈಗ ಫೈಲು ಬಂದ ತಕ್ಷಣ ಅಂಕಿ ನೋಡುತ್ತೇನೆ. ಕೋಲಾರ ಪಟ್ಟಣದ ಸುತ್ತಮುತ್ತ ಪೂರ್ವದ ಅಳತೆ, ಅಂದರೆ ಎಕ್ಸ್, 1.9 ಲಕ್ಷದ ಆಸುಪಾಸು ಇದ್ದರೆ 44ರದ್ದು, 8.4 ಲಕ್ಷದ ಹತ್ತಿರ ಇದ್ದರೆ 43ರಲ್ಲಿ ಮಾಡಿದ್ದು. 44ರ ಸಂಕೇತ 32644 ಕೊಟ್ಟ ಮೇಲೆ ಕೆರೆಗಳು ಮನೆಗೆ ಬಂದವು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಎಲ್ಲ ಲೇಯರೂ ಒಂದೇ ಪದ್ಧತಿಯಲ್ಲಿ ಇರಲಿ ಅಂತ, ಡಿಗ್ರಿಯಲ್ಲಿದ್ದ ಮೊದಲಿನ ಚುಕ್ಕೆಗಳ ಲೇಯರಿಗೂ 'ಸೆಟ್ ಲೇಯರ್ ಸಿಆರ್‌ಎಸ್' (ಸಿಆರ್‌ಎಸ್ ಅಂದರೆ ಅಳತೆ ಪದ್ಧತಿ) ಒತ್ತಿ 32644 ಕೊಟ್ಟೆ. 23 ಚುಕ್ಕೆಗಳೂ ಒಂದೇ ಚುಕ್ಕೆಯಾಗಿ ಭೂಮಧ್ಯರೇಖೆಯ ಮೇಲೆ, ಹಿಂದೂ ಮಹಾಸಾಗರದಲ್ಲಿ ಕೂತವು. ಮೂರನೇ ಸಮುದ್ರ.

ಹೊಸಬರು ಎಲ್ಲರೂ ಇಲ್ಲಿ ಎಡವುತ್ತಾರೆ ಅಂತ ಕಾಣುತ್ತದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. 'ಸೆಟ್' ಅಂದರೆ ಬದಲಾಯಿಸು ಅಂತ ಅಲ್ಲ. 'ಈ ಅಂಕಿಗಳು ಇಂಥ ಅಳತೆಯಲ್ಲಿ ಇವೆ' ಅಂತ ಸಾಫ್ಟ್‌ವೇರಿಗೆ ನಾವು ಕೊಡುವ ಮಾತು ಅಷ್ಟೇ. ಡಬ್ಬಿ ಮೇಲೆ ಚೀಟಿ ಅಂಟಿಸಿದ ಹಾಗೆ. ರಾಗಿ ಡಬ್ಬಿಗೆ ಅಕ್ಕಿ ಅಂತ ಚೀಟಿ ಅಂಟಿಸಿದರೆ ಒಳಗಿರುವುದು ಅಕ್ಕಿ ಆಗುತ್ತದಾ? 78.13 ಡಿಗ್ರಿಯನ್ನು 78.13 ಮೀಟರು ಅಂತ ಅದು ನಂಬಿತು. ನಿಜವಾಗಿ ಅಳತೆ ಬದಲಾಗಬೇಕಾದರೆ 'ಎಕ್ಸ್‌ಪೋರ್ಟ್' ಮಾಡಿ ಹೊಸ ಫೈಲು ಉಳಿಸಬೇಕು, ಅಥವಾ 'ರೀಪ್ರಾಜೆಕ್ಟ್' ಬಳಸಬೇಕು. ಚೀಟಿ ಇಲ್ಲದ ಅಥವಾ ತಪ್ಪು ಚೀಟಿಯ ಫೈಲಿಗೆ ಮಾತ್ರ 'ಸೆಟ್'. ಇನ್ನೊಂದು ವಿಷಯ: ಬರೀ ನೋಡುವುದಕ್ಕಾದರೆ ಇದ್ಯಾವುದೂ ಬೇಡ. ಚೀಟಿ ಸರಿ ಇದ್ದರೆ ಬೇರೆ ಬೇರೆ ಪದ್ಧತಿಯ ಲೇಯರುಗಳನ್ನು ಕ್ಯೂಜಿಐಎಸ್ ತಾನೇ ಹೊಂದಿಸಿ ಒಂದರ ಮೇಲೊಂದು ತೋರಿಸುತ್ತದೆ.

ಸಮುದ್ರಕ್ಕೆ ಬಿದ್ದಾಗ ತಪ್ಪು ಕಣ್ಣಿಗೆ ಹೊಡೆಯುತ್ತದೆ. ನನ್ನ ನಿದ್ದೆ ಕೆಡಿಸಿದ್ದು ಸಮುದ್ರಕ್ಕೆ ಹೋಗದೆ ಜಿಲ್ಲೆಯೊಳಗೇ ಉಳಿದ ತಪ್ಪುಗಳು.

ಹತ್ತಾರು ವರ್ಷದ ಹಿಂದೆ ಯಾರೋ ಕೈ ಜಿಪಿಎಸ್ ಹಿಡಿದು ತೂಬುಗಳನ್ನು ಗುರುತಿಸಿದ್ದ ಒಂದು ನೋಟ್‌ಬುಕ್ ನಮಗೆ ಸಿಕ್ಕಿತ್ತು. 13 08.220 ಅಂತ ಬರೆದಿತ್ತು. ನಾನು 13.08220 ಅಂತ ಟೈಪ್ ಮಾಡಿಕೊಂಡೆ. ಚುಕ್ಕೆಗಳು ಕೋಲಾರದ ಹತ್ತಿರವೇ ಬಿದ್ದವು, ಖುಷಿಯಾಯಿತು. ಆದರೆ ಒಂದು ತೂಬೂ ಏರಿಯ ಮೇಲೆ ಇಲ್ಲ, ಎಲ್ಲ ಹೊಲದ ನಡುವೆ. ನೋಟ್‌ಬುಕ್ಕಿನವರೇ ಸರಿಯಾಗಿ ಬರೆದುಕೊಂಡಿಲ್ಲ ಅಂತ ಒಂದು ವಾರ ಅವರನ್ನು ಬೈದುಕೊಂಡೆ. ಅದು 13 ಡಿಗ್ರಿ 8.220 ನಿಮಿಷ. 60ರಿಂದ ಭಾಗಿಸಿದರೆ 13.137. ನಾನು ಮಾಡಿದ ತಪ್ಪಿಗೆ ಆ ತೂಬು ನೈಋತ್ಯಕ್ಕೆ 8 ಕಿಲೋಮೀಟರು ಸರಿದಿತ್ತು. ಒಂದೊಂದು ತೂಬು ಒಂದೊಂದು ದೂರ ಸರಿದಿದ್ದರಿಂದ ಎಲ್ಲವನ್ನೂ ಒಟ್ಟಿಗೆ ಎಳೆದು ಕೂರಿಸಲೂ ಆಗುತ್ತಿರಲಿಲ್ಲ. ಮನಸ್ಸಿನಲ್ಲೇ ಕ್ಷಮೆ ಕೇಳಿ, ಮತ್ತೆ ಟೈಪ್ ಮಾಡಿದೆ.

ಅದಕ್ಕಿಂತ ಚಿಕ್ಕದು ಇನ್ನೊಂದು. ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋಶೀಟ್ (ನೆಲದ ವಿವರ ತೋರಿಸುವ ನಕ್ಷೆಯ ಹಾಳೆ) ನೋಡಿ ಒಬ್ಬ ವಿದ್ಯಾರ್ಥಿ ಎಳೆದುಕೊಟ್ಟ ಕಾಲುವೆಗಳು. ಕೋಲಾರ ಪಟ್ಟಣ 57 ಕೆ/4ರ ಹಾಳೆಯಲ್ಲಿ ಬರುತ್ತದೆ. ಉಪಗ್ರಹ ಚಿತ್ರದ ಮೇಲಿಟ್ಟರೆ ಪ್ರತಿ ಕಾಲುವೆಯೂ ತನ್ನ ಜಾಗದಿಂದ ನೂರು ಮೀಟರಿಗೂ ಜಾಸ್ತಿ ಪಕ್ಕಕ್ಕೆ, ಜೋಡಿ ಗೆರೆಯ ಹಾಗೆ ಕಾಣುತ್ತಿತ್ತು. ಹಳೆಯ ಹಾಳೆಗಳು 1830ರ ಎವರೆಸ್ಟ್ ಗೋಳದ ಲೆಕ್ಕದಲ್ಲಿವೆ, ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84 ಅನ್ನುವ ಬೇರೆ ಲೆಕ್ಕ. ಹುಡುಗ ಹಾಳೆಯ ಅಂಚಿನ ಅಂಕಿಗಳನ್ನು ಹಾಗೇ ತೆಗೆದುಕೊಂಡು ಡಬ್ಲ್ಯುಜಿಎಸ್ ಅಂತ ಚೀಟಿ ಅಂಟಿಸಿದ್ದ. ನಾನು ಚೀಟಿ ಕಿತ್ತು ಪಟ್ಟಿಯಲ್ಲಿದ್ದ, ಎವರೆಸ್ಟ್ ಲೆಕ್ಕದ್ದೇ ಆದ ಕಲ್ಯಾಣಪುರ್ 1975 ಕೊಟ್ಟೆ. ಕಾಲುವೆಗಳು ಬಹುತೇಕ ಜಾಗಕ್ಕೆ ಬಂದವು. 'ಸೆಟ್' ಸರಿಯಾಗಿ ಉಪಯೋಗಕ್ಕೆ ಬಂದದ್ದು ಇಂಥ ಕಡೆ.

ಹೆಸರುಗಳ ಕಥೆ ಬೇರೆ. ಕಚೇರಿಯ ಡಿಬಿಎಫ್ ತೆರೆದರೆ ಊರ ಹೆಸರಿನ ಜಾಗದಲ್ಲಿ ಸೊಟ್ಟ ಮೂತಿಯ ರೋಮನ್ ಅಕ್ಷರಗಳ ರಾಶಿ. ಕನ್ನಡದಲ್ಲಿ ಡಿಟಿಪಿ ಮಾಡಿದವರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ: ಹಳೆಯ ನುಡಿ ಫಾಂಟಿನಲ್ಲಿ ಹೊಡೆದದ್ದು, ಯೂನಿಕೋಡ್ ಅಲ್ಲ. ಹೆಸರುಗಳ ಕಾಲಂ ಹೊರಗೆ ತೆಗೆದು, ಪರಿವರ್ತಕದಲ್ಲಿ ಯೂನಿಕೋಡ್ ಮಾಡಿ, ಕೆರೆ ನಂಬರ್ ಹಿಡಿದು ಮತ್ತೆ ಜೋಡಿಸಿದೆ. ಒತ್ತಕ್ಷರ, ಅರ್ಕಾವತ್ತು ಇರುವ ಹೆಸರುಗಳನ್ನು ಒಂದೊಂದಾಗಿ ಕಣ್ಣಲ್ಲಿ ನೋಡಬೇಕಾಯಿತು.

ಸರಿಯಾದ ಕನ್ನಡವನ್ನು ಮತ್ತೆ ಶೇಪ್‌ಫೈಲಿಗೇ ಉಳಿಸಿದೆ ನೋಡಿ, ಅಲ್ಲಿ ಇನ್ನೊಂದು ಪೆಟ್ಟು. 'ಕೆರೆಹೆಸರು' ಅಂತಿದ್ದ ಕಾಲಂ ತಲೆಬರಹ ಬರೀ 'ಕೆರ' ಆಗಿತ್ತು. ಶೇಪ್‌ಫೈಲಿನಲ್ಲಿ ಕಾಲಂ ಹೆಸರಿಗೆ 10 ಬೈಟ್ ಮಾತ್ರ ಜಾಗ. ಯೂನಿಕೋಡ್ ಕನ್ನಡದಲ್ಲಿ ಅಕ್ಷರಕ್ಕೆ, ಕೊಂಬು-ಏತ್ವಕ್ಕೂ ಸೇರಿ, ತಲಾ 3 ಬೈಟ್. ಮೂರಕ್ಕೇ ಮುಗಿಯಿತು. ಅವತ್ತಿನಿಂದ ನಾನು ಶೇಪ್‌ಫೈಲನ್ನು ಒಳಗೆ ತರುತ್ತೇನೆಯೇ ಹೊರತು ಅದರಲ್ಲಿ ಉಳಿಸುವುದಿಲ್ಲ. ಬಂದ ತಕ್ಷಣ ಜಿಯೋಪ್ಯಾಕೇಜ್ ಅನ್ನುವ ಬೇರೆ ಬಗೆಯ ಫೈಲು ಮಾಡಿಬಿಡುತ್ತೇನೆ. ಎಲ್ಲ ಲೇಯರೂ ಒಂದೇ ಫೈಲಿನೊಳಗೆ, ಕನ್ನಡ ಹಾಗೇ ಉಳಿಯುತ್ತದೆ, ವಾಟ್ಸಾಪಿನಲ್ಲಿ ಕಳಿಸಿದರೂ ಕುಟುಂಬ ಒಡೆಯುವುದಿಲ್ಲ.

ಎಕ್ಸೆಲ್ ಬಗ್ಗೆ ಎರಡು ಮಾತು. ಕನ್ನಡ ಇರುವ ಹಾಳೆಯನ್ನು ಸುಮ್ನೆ ಸಿಎಸ್‌ವಿ ಅಂತ ಉಳಿಸಿದರೆ ಹೆಸರುಗಳೆಲ್ಲ ಪ್ರಶ್ನೆ ಚಿಹ್ನೆ. 'ಸಿಎಸ್‌ವಿ ಯುಟಿಎಫ್-8' ಅಂತ ಬೇರೆಯೇ ಇರುತ್ತದೆ, ಅದನ್ನೇ ಆರಿಸಬೇಕು. ಎರಡನೆಯದು, ಸರ್ವೆ ನಂಬರ್ 12/3 ಅಂತ ಹೊಡೆದರೆ ಅದು ಮಾರ್ಚ್ 12 ಆಗುತ್ತದೆ. ಹೊಡೆಯುವ ಮೊದಲೇ ಕಾಲಂ ಅನ್ನು ಟೆಕ್ಸ್ಟ್ ಮಾಡಿಡಬೇಕು.

ಎಕರೆ-ಗುಂಟೆಯ ತಪ್ಪು ಮಾತ್ರ ನಕ್ಷೆ ಮೇಲೆ ಎಲ್ಲೂ ಕಾಣಲೇ ಇಲ್ಲ. ಪಹಣಿಯಲ್ಲಿ 62 ಎಕರೆ 14 ಗುಂಟೆ ಇರುವುದನ್ನು ನಮ್ಮವರು 62.14 ಅಂತ ಬರೆದಿದ್ದರು. ಎಲ್ಲರೂ ಹಾಗೇ ಬರೆಯುತ್ತಾರೆ, ಓದುವವರಿಗೂ ಅರ್ಥ ಆಗುತ್ತದೆ. ಆದರೆ ಕಂಪ್ಯೂಟರಿಗೆ ಅದು ದಶಮಾಂಶ. ಎಕರೆಗೆ 40 ಗುಂಟೆ, ಹಾಗಾಗಿ ಆಗಬೇಕಾದದ್ದು 62.35. ಇನ್ನೂ ಕೆಟ್ಟದ್ದು ಏನೆಂದರೆ, 5 ಎಕರೆ 10 ಗುಂಟೆಯ 5.10ನ್ನು ಎಕ್ಸೆಲ್ 5.1 ಮಾಡಿಬಿಡುತ್ತದೆ. ಆಮೇಲೆ ಅದು 1 ಗುಂಟೆಯೋ 10 ಗುಂಟೆಯೋ ಹೇಳುವುದು ಹೇಗೆ? ಎಕರೆ ಒಂದು ಕಾಲಂ, ಗುಂಟೆ ಒಂದು ಕಾಲಂ ಮಾಡಿ, ಪಹಣಿ ಮುಂದಿಟ್ಟುಕೊಂಡು ಎಲ್ಲ ಕೆರೆಗಳನ್ನೂ ಮತ್ತೆ ತುಂಬಿದೆ.

ಕೊನೆಗೆ ಗ್ರಾಮ ನಕ್ಷೆಗಳು. ಕಾಗದದ ನಕ್ಷೆಯನ್ನು ಸ್ಕ್ಯಾನ್ ಮಾಡಿ ಕ್ಯೂಜಿಐಎಸ್‌ನ ಜಿಯೋರೆಫರೆನ್ಸರ್‌ನಲ್ಲಿ ತೆರೆದು, ನಕ್ಷೆಯ ಒಂದು ಬಿಂದು, ಉಪಗ್ರಹ ಚಿತ್ರದ ಅದೇ ಬಿಂದು, ಹೀಗೆ ಜೋಡಿ ಕಟ್ಟುತ್ತಾ ಹೋಗಬೇಕು. ಮೊದಲ ಸಲ ಫೋನಿನಲ್ಲಿ ಫೋಟೋ ತೆಗೆದೆ. ಮಡಿಕೆಯ ಉಬ್ಬು, ಓರೆ ಕೋನ, ಏನು ಮಾಡಿದರೂ ಕೂರಲಿಲ್ಲ. ಜೆರಾಕ್ಸ್ ಅಂಗಡಿಯ ದೊಡ್ಡ ಸ್ಕ್ಯಾನರಿನಲ್ಲಿ ಹಾಕಿಸಿದ ಮೇಲೆ ಅರ್ಧ ಕಷ್ಟ ಹೋಯಿತು.

ಬಿಂದು ಆರಿಸುವುದರಲ್ಲೇ ಕೈಚಳಕ ಇರುವುದು. ಕೆರೆಯ ನೀರಿನ ಅಂಚು ಬೇಡ, ಅದು ಮಳೆಗಾಲಕ್ಕೊಂದು ಬೇಸಿಗೆಗೊಂದು. 2018ರಿಂದ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನಿಂದ ಸಂಸ್ಕರಿಸಿ ಕಳಿಸುವ ಕೊಳಚೆ ನೀರು) ಬರತೊಡಗಿದ ಮೇಲೆ ಕೆಲವು ಕೆರೆಗಳ ಅಂಚು ಹಳೆಯ ಚಿತ್ರಕ್ಕೂ ಹೊಸದಕ್ಕೂ ಗುರುತೇ ಸಿಗದಷ್ಟು ಬೇರೆ. ರಸ್ತೆಯೂ ಬೇಡ, ಅಗಲ ಮಾಡಿರುತ್ತಾರೆ. ಏರಿಯ ಎರಡು ತುದಿ, ಹಳೆಯ ದೇವಸ್ಥಾನ, ಬಂಡೆ, ಮೂರು ಊರಿನ ಗಡಿ ಕೂಡುವ ಕಲ್ಲು, ಇವು ಒಳ್ಳೆಯವು. ಒಂದು ಗಡಿ ಕಲ್ಲು ಉಪಗ್ರಹ ಚಿತ್ರದಲ್ಲಿ ಕಾಣಲೇ ಇಲ್ಲ. ಊರಿನ ನೀರಗಂಟಿ ತಾತನನ್ನು ಕೇಳಿದೆವು. 'ಬಾಪ್ಪಾ ತೋರಿಸ್ತೀನಿ' ಅಂತ ಲಂಟಾನ ಪೊದೆ ಸರಿಸಿ ತೋರಿಸಿದರು. ಅಲ್ಲೇ ನಿಂತು ಫೋನಿನಲ್ಲಿ ಗುರುತು ಹಾಕಿಕೊಂಡೆವು.

ಮೊದಲು ನಾನು ಏರಿಯ ಉದ್ದಕ್ಕೇ ಐದು ಬಿಂದು ಕೊಟ್ಟಿದ್ದೆ. ಏರಿ ಚೆನ್ನಾಗಿ ಕೂತಿತು, ಊರಿನ ಇನ್ನೊಂದು ತುದಿ ಎಲ್ಲೋ ಹೋಯಿತು. ಬಿಂದುಗಳು ನಾಲ್ಕೂ ಮೂಲೆಗೆ ಹರಡಿರಬೇಕು. ಆಮೇಲೆ 'ಥಿನ್ ಪ್ಲೇಟ್ ಸ್ಪ್ಲೈನ್' ಅನ್ನುವ ವಿಧಾನ ಆರಿಸಿದೆ. ತಪ್ಪು ಸೊನ್ನೆ ಅಂತ ತೋರಿಸಿತು! ಕುಣಿದಾಡಿದೆ. ಆ ವಿಧಾನ ಕಾಗದವನ್ನು ರಬ್ಬರಿನ ಹಾಗೆ ಎಳೆದು ಪ್ರತಿ ಬಿಂದುವಿಗೂ ಮುಟ್ಟಿಸಿಬಿಡುತ್ತದೆ, ಅದಕ್ಕೇ ಸೊನ್ನೆ. ನಾನೇ ತಪ್ಪು ಬಿಂದು ಕೊಟ್ಟಿದ್ದರೂ ಸೊನ್ನೆಯೇ. ಕಾಗದವನ್ನು ಅಲ್ಲಲ್ಲಿ ಎಳೆಯದೆ ಇಡಿಯಾಗಿ ಕೂರಿಸುವ ಮೊದಲ ದರ್ಜೆಯ ಪಾಲಿನಾಮಿಯಲ್ ವಿಧಾನಕ್ಕೆ ವಾಪಸ್ ಬಂದೆ. 11 ಬಿಂದುಗಳಲ್ಲಿ ಒಂದರ ತಪ್ಪು ಮಾತ್ರ 40 ಮೀಟರು ಅಂತ ಎದ್ದು ಕಂಡಿತು. ನೋಡಿದರೆ ಆ ದೇವಸ್ಥಾನವನ್ನೇ ಪಕ್ಕಕ್ಕೆ ಹೊಸದಾಗಿ ಕಟ್ಟಿದ್ದಾರೆ. ಅದನ್ನು ತೆಗೆದ ಮೇಲೆ ಸರಾಸರಿ ತಪ್ಪು 6 ಮೀಟರಿಗೆ ಇಳಿಯಿತು. ಅಲ್ಲಿಗೆ ಕೈಬಿಟ್ಟೆ. ನಮ್ಮ ಗ್ರಾಮ ನಕ್ಷೆ 1:7920, ಅಂದರೆ ಮೈಲಿಗೆ 8 ಇಂಚು. ಕಾಗದದ ಒಂದು ಮಿಲಿಮೀಟರು ನೆಲದ ಮೇಲೆ ಸುಮಾರು 8 ಮೀಟರು. ಶಾಯಿಯ ಗೆರೆಯೇ ಮೂರು ನಾಲ್ಕು ಮೀಟರು ದಪ್ಪ. ಅದಕ್ಕಿಂತ ಚೆನ್ನಾಗಿ ಕೂರಿಸುತ್ತೇನೆ ಅನ್ನುವುದು ನನಗೆ ನಾನೇ ಮೋಸ ಮಾಡಿಕೊಂಡ ಹಾಗೆ.

ನಕ್ಷೆ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಊರ ಅರಳಿಕಟ್ಟೆಗೆ ತೆಗೆದುಕೊಂಡು ಹೋದ ದಿನ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಕೆರೆ ಅಂಚಿಗೆ ಅವರ ಹೊಲ ಇದೆ. 'ನನ್ನ ಬದು ಎಲ್ಲಿಗೆ ಬರ್ತದೆ ಅಂತ ಇದರಲ್ಲಿ ನೋಡಿ ಹೇಳಪ್ಪ, ಪಕ್ಕದೋನು ಒತ್ತಿಕೊಂಡವನೆ' ಅಂದರು. ಈ ನಕ್ಷೆಯಲ್ಲಿ ಒಂದು ಗೆರೆ ಹತ್ತು ಹೆಜ್ಜೆ ಆಚೀಚೆ ಇರಬಹುದು, ಬದುವಿನ ಮಾತು ಸರ್ವೆಯವರನ್ನೇ ಕರೆಸಿ ಕೇಳಬೇಕು ಅಂತ ಹೇಳಿದೆ. ಅವರು ನಕ್ಷೆಯನ್ನೂ ನನ್ನನ್ನೂ ಒಂದು ಸಲ ನೋಡಿದರು.

'ಹಂಗಾದ್ರೆ ಐದು ತಿಂಗಳು ಏನಪ್ಪಾ ಮಾಡ್ತಿದ್ದೆ?' ಅಂದರು.

ಮುಂದಿನ ಪ್ರಿಂಟಿನಲ್ಲಿ ಸರ್ವೆ ನಂಬರಿನ ಗೆರೆಗಳನ್ನು ತೆಗೆದುಬಿಟ್ಟೆ. ಕೆರೆ, ಕಾಲುವೆ, ತೂಬು, ಕೋಡಿ ಅಷ್ಟೇ ಉಳಿಸಿದೆ.