ಎರಡು ದಿನದ ಶಿಬಿರ, ಅದರ ಹಿಂದುಮುಂದಿನ ಕೆಲಸ

ಸ್ವಯಂಸೇವಾ ಸಂಸ್ಥೆಗಳಿಗೆ ತಂತ್ರಜ್ಞಾನ ಮತ್ತು ವಿನ್ಯಾಸದ ಕೆಲಸಗಳನ್ನು ಉಚಿತವಾಗಿ ಮಾಡಿಕೊಡುವ ಶಿಬಿರಗಳನ್ನು ಮೈಸೂರಿನಲ್ಲಿ ಗೆಳೆಯರೊಂದಿಗೆ ಸೇರಿ ನಡೆಸುತ್ತ ಬಂದಿದ್ದೇನೆ. ಹೂಟಗಳ್ಳಿ, ಹೆಬ್ಬಾಳದ ಕಡೆಯ ಕಂಪನಿಗಳಲ್ಲಿ ಕೆಲಸ ಮಾಡುವವರು, ಇಲ್ಲಿನ ದೃಶ್ಯಕಲಾ ಕಾಲೇಜಾದ ಕಾವಾದಲ್ಲಿ ಕಲಿತ ಕಲಾವಿದರು, ಎಂಜಿನಿಯರಿಂಗ್ ಓದುತ್ತಿರುವ ಹುಡುಗ ಹುಡುಗಿಯರು ಶನಿವಾರ ಬೆಳಿಗ್ಗೆ ಕೂತರೆ ಏಳುವುದು ಭಾನುವಾರ ಸಂಜೆಗೆ. ಅಮೆರಿಕದಲ್ಲಿ 2007ರಲ್ಲಿ ಶುರುವಾದ ಗಿವ್‌ಕ್ಯಾಂಪ್ ಎಂಬ ವಾರಾಂತ್ಯದ ಶಿಬಿರಗಳೇ ಇದಕ್ಕೆ ಮಾದರಿ. ಆದರೆ ನಮ್ಮಲ್ಲಿ ಕೆಲಸದ ಬಹುಪಾಲು ನಡೆಯುವುದು ಆ ಎರಡು ದಿನಗಳ ಆಚೆ. ನಿಮ್ಮೂರಿನಲ್ಲೂ ಇಂಥದ್ದು ಮಾಡಬೇಕೆಂದಿದ್ದರೆ ಮೊದಲು ತಿಳಿಯಬೇಕಾದದ್ದು ಅದು.

ಅರ್ಜಿ ತುಂಬಿ ಕಳಿಸಿ ಎಂದು ಸಂಸ್ಥೆಗಳಿಗೆ ನಾವು ಹೇಳುವುದಿಲ್ಲ. ಅರ್ಜಿ ಕೇಳಿದರೆ ಎಲ್ಲರೂ 'ವೆಬ್‌ಸೈಟ್ ಬೇಕು, ಆ್ಯಪ್ ಬೇಕು' ಎಂದೇ ಬರೆಯುತ್ತಾರೆ. ಅದರ ಬದಲು ನಾವೇ ಹೋಗಿ ಅವರ ಕಚೇರಿಯಲ್ಲಿ ಅರ್ಧ ದಿನ ಕೂರುತ್ತೇವೆ. ಮಕ್ಕಳ ಪಾಲನಾ ಕೇಂದ್ರವೊಂದರಲ್ಲಿ ಹೀಗೆ ಕೂತಿದ್ದಾಗ ಲೆಕ್ಕ ಬರೆಯುವ ಮೇಡಂ ಕಾರ್ಬನ್ ಹಾಳೆಯ ರಸೀದಿ ಪುಸ್ತಕ ತೆಗೆದು ತೋರಿಸಿದರು. ಹುಟ್ಟುಹಬ್ಬಕ್ಕೆ, ತಿಥಿಗೆ ಮಕ್ಕಳಿಗೆ ಊಟ ಹಾಕಿಸುವವರು ಯುಪಿಐನಲ್ಲಿ ಹಣ ಹಾಕಿ, ಸ್ಕ್ರೀನ್‌ಶಾಟನ್ನು ವಾಟ್ಸ್ಆ್ಯಪ್‌ಗೆ ಕಳಿಸಿ ಸುಮ್ಮನಾಗುತ್ತಾರೆ. 2021-22ರ ಆರ್ಥಿಕ ವರ್ಷದಿಂದ 80ಜಿ ವಿನಾಯಿತಿ (ದಾನ ಕೊಟ್ಟವರಿಗೆ ಸಿಗುವ ತೆರಿಗೆ ರಿಯಾಯಿತಿ) ಇರುವ ಸಂಸ್ಥೆಗಳು ದಾನಿಗಳ ವಿವರವನ್ನು 10ಬಿಡಿ (10BD) ಎಂಬ ನಮೂನೆಯಲ್ಲಿ ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಬೇಕಾಯಿತು. ಅದಕ್ಕೆ ಪ್ಯಾನ್ ಅಥವಾ ಆಧಾರ್‌ನಂಥ ಗುರುತಿನ ಸಂಖ್ಯೆ ಬೇಕು, ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ರಸೀದಿ ಪುಸ್ತಕದಲ್ಲಿ ಹೆಸರು, ಮೊತ್ತ ಬಿಟ್ಟರೆ ಏನೂ ಇಲ್ಲ. ಮೇ ತಿಂಗಳಿಡೀ ಆಕೆ ದಾನಿಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡುತ್ತ ಕೂರಬೇಕು. "ವೆಬ್‌ಸೈಟ್ ಆಮೇಲೆ ನೋಡ್ಕೊಳ್ಳೋಣ ಸಾರ್, ಮೊದಲು ಈ ಪ್ಯಾನ್ ನಂಬರ್‌ಗೊಂದು ದಾರಿ ಮಾಡಿಕೊಡಿ" ಎಂದರು.

ಆ ಶಿಬಿರದಲ್ಲಿ ಆ ಸಂಸ್ಥೆಗೆಂದು ಮಾಡಿದ್ದು ಅದೊಂದನ್ನೇ. ಕನ್ನಡದಲ್ಲಿ ಒಂದು ಚಿಕ್ಕ ಗೂಗಲ್ ಫಾರ್ಮ್. ಹಣ ಕಟ್ಟುವ ಕ್ಯೂಆರ್ ಪಕ್ಕದಲ್ಲೇ ಅದರ ಕ್ಯೂಆರ್, ಎರಡಕ್ಕೂ ಸೇರಿ ಮೇಜಿನ ಮೇಲಿಡುವ ಒಂದು ಫಲಕ. ಯಾವುದನ್ನು ಮೊದಲು ಸ್ಕ್ಯಾನ್ ಮಾಡಬೇಕೆಂದು ಗೊಂದಲವಾಗದಂತೆ ನಮ್ಮ ವಿನ್ಯಾಸಕಿ ಎರಡಕ್ಕೂ ಬೇರೆ ಬೇರೆ ಬಣ್ಣ ಕೊಟ್ಟು, 1, 2 ಎಂದು ದೊಡ್ಡದಾಗಿ ಬರೆದರು. ತುಂಬಿದ ವಿವರ ನೇರವಾಗಿ ಸ್ಪ್ರೆಡ್‌ಶೀಟಿಗೆ ಹೋಗಿ ಅಲ್ಲಿಂದ ರಸೀದಿ ತಯಾರಾಗುತ್ತದೆ. ಬಂದಿದ್ದ ಹುಡುಗರಿಗೆ ಹೊಸದಾಗಿ ಸಾಫ್ಟ್‌ವೇರ್ ಬರೆಯುವ ಹುಮ್ಮಸ್ಸಿತ್ತು. ನಾನು ಒಪ್ಪಲಿಲ್ಲ. ಸೋಮವಾರ ಅದು ಕೆಟ್ಟು ನಿಂತರೆ ಮೇಡಂಗೆ ತಾವೇ ಸರಿಮಾಡಿಕೊಳ್ಳಲು ಬರಬೇಕು. ಅವರಿಗೆ ಸರಿಮಾಡಿಕೊಳ್ಳಲು ಬಾರದ ವಸ್ತುವನ್ನು ಕೊಡುವುದು ಸಹಾಯವಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ಈ ಕಾರಣಕ್ಕೇ ನಮ್ಮದೊಂದು ಷರತ್ತು: ಕಾರ್ಯದರ್ಶಿಗಳು ಉದ್ಘಾಟನೆಗೆ ಬಂದು ಹೋದರೆ ಸಾಲದು, ಆ ಕೆಲಸವನ್ನು ದಿನಾ ಮಾಡುವವರು ಎರಡೂ ದಿನ ನಮ್ಮ ಜೊತೆ ಕೂರಬೇಕು. ಭಾನುವಾರ ಬಂದದ್ದಕ್ಕೆ ಅವರಿಗೆ ವಾರದಲ್ಲೊಂದು ರಜೆ ಕೊಡಿ ಎಂದು ಮೊದಲೇ ಆಡಳಿತ ಮಂಡಳಿಯಿಂದ ಒಪ್ಪಿಸಿಕೊಳ್ಳುತ್ತೇವೆ. ಅವರಿರುವ ಮೇಜಿನಲ್ಲಿ ಮಾತು ಕನ್ನಡದಲ್ಲೇ ನಡೆಯಬೇಕು. ಕನ್ನಡ ಬಾರದ ಎಂಜಿನಿಯರ್ ಇದ್ದರೆ ಪಕ್ಕದಲ್ಲಿ ಹೇಳಿಕೊಡುವ ಒಬ್ಬರನ್ನು ಕೂರಿಸುತ್ತೇವೆ.

ಕನ್ನಡ ಎಂದಾಗ ಅಕ್ಷರದ ವಿಷಯಕ್ಕೂ ಬರಬೇಕು. ಸಂಸ್ಥೆಗಳ ಹಳೆಯ ವಾರ್ಷಿಕ ವರದಿ, ಕರಪತ್ರಗಳೆಲ್ಲ ಹೆಚ್ಚಾಗಿ ಹಳೆಯ ನುಡಿ ಫಾಂಟಿನಲ್ಲಿ ಟೈಪಾದವು. ಅದು ಎಲ್ಲ ಸಾಧನಗಳಲ್ಲೂ ಓದಲು ಬರುವ ಯೂನಿಕೋಡ್ ಅಲ್ಲ. ಹಾಗೇ ಎತ್ತಿ ವೆಬ್‌ಸೈಟಿಗೆ ಹಾಕಿದರೆ ಮೊಬೈಲಿನಲ್ಲಿ ಅರ್ಥವಾಗದ ಇಂಗ್ಲಿಷ್ ಚಿಹ್ನೆಗಳು ಕಾಣುತ್ತವೆ. ಪರಿವರ್ತಿಸುವ ತಂತ್ರಾಂಶಗಳಿವೆ, ಆದರೆ ಒತ್ತಕ್ಷರ, ಅರ್ಕಾವತ್ತುಗಳಲ್ಲಿ ತಪ್ಪು ಉಳಿಯುತ್ತದೆ. ಕರಡು ತಿದ್ದಲು ನಿವೃತ್ತ ಕನ್ನಡ ಮೇಷ್ಟರನ್ನು ಕರೆಯಿರಿ. ನಮ್ಮ ಶಿಬಿರಗಳಲ್ಲಿ ಎಲ್ಲರಿಗಿಂತ ಮೊದಲು ಬಂದು ಕೂರುವವರು ಅವರೇ. ಮುದ್ರಣಕ್ಕೆ ಇನ್‌ಡಿಸೈನ್ ಎಂಬ ಪುಟವಿನ್ಯಾಸದ ತಂತ್ರಾಂಶ ಬಳಸುವವರು ಅದರಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆರಿಸಿಕೊಳ್ಳಬೇಕು, ಇಲ್ಲವಾದರೆ 'ಸ್ತ್ರೀ' ಎಂಬ ಅಕ್ಷರ ಕೂಡ ಬಿಡಿಬಿಡಿಯಾಗಿ ನಿಲ್ಲುತ್ತದೆ. 'ನೋಟೊ ಸಾನ್ಸ್ ಕನ್ನಡ', 'ಬಲೂ ತಮ್ಮ' ಇವೆರಡೂ ಉಚಿತ ಫಾಂಟುಗಳು, ಪರವಾನಗಿಯ ತಲೆನೋವಿಲ್ಲ.

ಚಿತ್ರಗಳ ವಿಷಯದಲ್ಲಿ ನಾನು ಯಾರ ಮುಲಾಜಿಗೂ ಒಳಗಾಗುವುದಿಲ್ಲ. ಮಕ್ಕಳ ಮುಖ ಕಂಡರೆ ದಾನ ಹೆಚ್ಚು ಬರುತ್ತದೆಂದು ಸಂಸ್ಥೆಯವರು ಫೋಟೋ ಹಾಕಿ ಎನ್ನುತ್ತಾರೆ. ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳ ಗುರುತು ಬಹಿರಂಗಪಡಿಸುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮು ನಿಷೇಧಿಸಿದೆ. ಕಾನೂನು ಇರಲಿ ಬಿಡಲಿ, ನಾಳೆ ದೊಡ್ಡವಳಾದ ಹುಡುಗಿ ಕೆಲಸಕ್ಕೆ ಅರ್ಜಿ ಹಾಕುವಾಗ ಅನಾಥಾಶ್ರಮದ ಪುಟದಲ್ಲಿ ಅವಳ ಮುಖ ಸಿಗಬಾರದು. ಕಾವಾದ ಹುಡುಗಿಯೊಬ್ಬಳು ಆ ಕೇಂದ್ರದ ಅಡುಗೆಮನೆ, ಮಕ್ಕಳು ಸಾಲಾಗಿ ಬಿಟ್ಟ ಚಪ್ಪಲಿಗಳು, ಕಿಟಕಿಯ ಮೇಲೆ ಒಣಹಾಕಿದ ಸಮವಸ್ತ್ರ, ಇವನ್ನು ರೇಖೆಗಳಲ್ಲಿ ಬರೆದುಕೊಟ್ಟಳು. ಫೋಟೋಗಳಿಗಿಂತ ಅದೇ ಚೆನ್ನಾಗಿದೆ ಎಂದು ಆಡಳಿತ ಮಂಡಳಿಯವರೇ ಕರಪತ್ರಕ್ಕೂ ಅವನ್ನೇ ಬಳಸಿದರು.

ಇನ್ನು ಹಸ್ತಾಂತರ. ಎಷ್ಟೋ ಸಂಸ್ಥೆಗಳ ಡೊಮೇನ್ (ವೆಬ್‌ಸೈಟಿನ ವಿಳಾಸ) ಇರುವುದು ಹಿಂದೆಂದೋ ವೆಬ್‌ಸೈಟ್ ಮಾಡಿಕೊಟ್ಟವರ ಹೆಸರಿನಲ್ಲಿ. ಅವರು ಫೋನ್ ಎತ್ತದಿದ್ದರೆ ನವೀಕರಣವೂ ಇಲ್ಲ, ತಿದ್ದುಪಡಿಯೂ ಇಲ್ಲ. ಆದ್ದರಿಂದ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಹೊಸ ಕೆಲಸ ಶುರುಮಾಡುವಂತಿಲ್ಲ. ಖಾತೆಗಳನ್ನೆಲ್ಲ ಸಂಸ್ಥೆಯ ಇಮೇಲಿಗೆ ವರ್ಗಾಯಿಸಿ, ನವೀಕರಣದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಸಿ, ಸಿಬ್ಬಂದಿ ನಮ್ಮ ಕೈ ಸೋಕದೆ ಒಮ್ಮೆ ಪೂರ್ತಿ ಮಾಡಿ ತೋರಿಸಿದ ಮೇಲೆ ಮುಗಿಯಿತು. ಒಂದೊಂದು ಸಂಸ್ಥೆಗೆ ಒಬ್ಬೊಬ್ಬ ಸ್ವಯಂಸೇವಕರು ಮುಂದಿನ ಆರು ತಿಂಗಳು ಫೋನಿಗೆ ಸಿಗಬೇಕು. ಆ ಹೊಣೆ ಹೊರಲು ಯಾರೂ ಇಲ್ಲದಿದ್ದರೆ ಆ ಸಂಸ್ಥೆಯನ್ನು ಆ ಸಲ ಕರೆಯುವುದಿಲ್ಲ.

ದಿನಾಂಕ ಆರಿಸುವಾಗ ಮಾರ್ಚಿನಿಂದ ಮೇವರೆಗೆ ಬೇಡ, ಲೆಕ್ಕಪತ್ರದವರಿಗೆ ಉಸಿರಾಡಲು ಬಿಡುವಿರುವುದಿಲ್ಲ. ಸೆಪ್ಟೆಂಬರಿನಲ್ಲಿ ಲೆಕ್ಕಪರಿಶೋಧನೆ, ಅದರ ಬೆನ್ನಿಗೇ ದಸರಾ. ನಮಗೆ ಹೊಂದುವುದು ಆಷಾಢ. ಮದುವೆಗಳಿಲ್ಲದ್ದರಿಂದ ಸಭಾಂಗಣ ಸುಲಭವಾಗಿ ಸಿಗುತ್ತದೆ, ಬರುತ್ತೇನೆಂದ ಸ್ವಯಂಸೇವಕರು ತಪ್ಪಿಸಿಕೊಳ್ಳುವುದೂ ಕಡಿಮೆ. ಚಾಮುಂಡಿ ಬೆಟ್ಟದ ಆಷಾಢ ಶುಕ್ರವಾರಗಳಿಗೂ ಅಡ್ಡಿಯಿಲ್ಲ, ನಮ್ಮದು ಶನಿವಾರ ಶುರು. ಚಾಮುಂಡೇಶ್ವರಿಯ ವರ್ಧಂತಿಯ (ಜನ್ಮೋತ್ಸವದ) ದಿನವೊಂದನ್ನು ಮಾತ್ರ ಪಂಚಾಂಗ ನೋಡಿ ಬಿಡುತ್ತೇವೆ.